ದುಬೈಯಿಂದ ಬಂದ ಹಳೇ ರೋಲೆಕ್ಸ್: ತಗೊಳ್ಳೋದಾ, ಬಿಡೋದಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಶಿರಸಿ ತಾಲೂಕಿನಲ್ಲಿ ಅಡಿಕೆ ತೋಟ. ನನ್ನ ಭಾವನ ಗೆಳೆಯರೊಬ್ಬರು ಕುಮಟಾದವರು, ಬಹಳ ವರ್ಷ ದುಬೈನಲ್ಲಿ ಇದ್ದು ಈಗ ಊರಿಗೆ ಬಂದಿದ್ದಾರೆ. ಅವರ ಹತ್ತಿರ ಒಂದು ರೋಲೆಕ್ಸ್ ಡೇಟ್‌ಜಸ್ಟ್ ವಾಚು ಇದೆ. ಸ್ಟೀಲ್ ಮತ್ತು ಬಂಗಾರ ಸೇರಿದ್ದು, 36 ಮಿ.ಮೀ., ಮಾಡೆಲ್ ನಂಬರ್ 16233. 1997ರಲ್ಲಿ ಅಲ್ಲೇ ಹೊಸದಾಗಿ ಕೊಂಡಿದ್ದು ಅನ್ನುತ್ತಾರೆ. ಪೆಟ್ಟಿಗೆ ಇದೆ, ವಾರಂಟಿ ಕಾಗದ ಕಳೆದುಹೋಗಿದೆಯಂತೆ. ₹4.25 ಲಕ್ಷ ಹೇಳಿದ್ದಾರೆ, ನಗದೇ ಬೇಕಂತೆ. ನನ್ನ ಮಗ ಮೊಬೈಲ್‌ನಲ್ಲಿ ಓದಿಕೊಂಡು, "ಗಾಜಿನಲ್ಲಿ ಸಣ್ಣ ಕಿರೀಟದ ಗುರುತಿಲ್ಲ, ಕತ್ತಲಲ್ಲಿ ಹೊಳೆಯೋದಿಲ್ಲ, ಇದು ಡೂಪ್ಲಿಕೇಟ್" ಅನ್ನುತ್ತಾನೆ. ಭಾವ ಮಾತ್ರ "ಸೆಕೆಂಡಿನ ಮುಳ್ಳು ನುಣುಪಾಗಿ ಓಡ್ತದೆ, ಕೈಗೆ ತೂಕ ಇದೆ, ಒರಿಜಿನಲ್ಲೇ" ಅನ್ನುತ್ತಾರೆ. ಕಟ್ಟಿಕೊಂಡು ನೋಡಿದೆ, ದಿನಕ್ಕೆ ಸುಮಾರು ಅರ್ಧ ನಿಮಿಷ ಮುಂದೆ ಹೋಗುತ್ತದೆ. 100 ಮೀಟರ್ ವಾಟರ್‌ಪ್ರೂಫ್ ಅಂತ ಕೇಳಿದೆ. ಚಳಿಗಾಲದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವವರಿದ್ದೇವೆ, ಕಟ್ಟಿಕೊಂಡೇ ಇಳಿಯಬಹುದಾ? ಮುಂದೆ ಮಾರಿದರೆ ಬಂಗಾರದ ಹಾಗೆ ರೇಟ್ ಬರುತ್ತದಾ?

ಉತ್ತರ: ಮೊದಲು ಮನೆಯ ಜಗಳ ಬಿಡಿಸೋಣ. ನಿಮ್ಮ ಮಗ ಕೊಟ್ಟ ಎರಡು ಸಾಕ್ಷಿಯೂ ನಿಲ್ಲುವುದಿಲ್ಲ. ಭಾವ ಕೊಟ್ಟ ಎರಡೂ ನಿಲ್ಲುವುದಿಲ್ಲ.

ಗಾಜಿನ ವಿಷಯ ನೋಡಿ. ರೋಲೆಕ್ಸ್‌ನವರು ಆರು ಗಂಟೆಯ ಹತ್ತಿರ ಗಾಜಿನೊಳಗೆ ಲೇಸರ್‌ನಿಂದ ಸಣ್ಣ ಕಿರೀಟ ಕೊರೆಯಲು ಶುರು ಮಾಡಿದ್ದು 2000 ದಾಟಿದ ಮೇಲೆ. 1997ರ ವಾಚಿನಲ್ಲಿ ಮೂಲ ಗಾಜೇ ಇದ್ದರೆ ಆ ಗುರುತು ಇರಲೇಬಾರದು. ಇದ್ದರೆ ನಡುವೆ ಯಾವಾಗಲೋ ಗಾಜು ಬದಲಾಗಿದೆ ಎಂದರ್ಥ. ಅದೂ ತಪ್ಪಲ್ಲ, ಅಧಿಕೃತ ಸರ್ವೀಸ್‌ನಲ್ಲೇ ಬದಲಾಯಿಸಿರಬಹುದು.

ಕತ್ತಲಲ್ಲಿ ಹೊಳೆಯದಿರುವುದು ಇನ್ನೂ ಒಳ್ಳೆಯ ಸುದ್ದಿ. ಆಗಿನ ಡಯಲ್‌ಗಳಿಗೆ ಹಚ್ಚುತ್ತಿದ್ದದ್ದು ಟ್ರೀಷಿಯಂ ಎಂಬ ವಿಕಿರಣ ವಸ್ತು ಸೇರಿಸಿದ ಬಣ್ಣ, ಹೊಳಪು ಅದರಿಂದ. ಟ್ರೀಷಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಈಗ ಅದರಲ್ಲಿ ಕಸುವಿಲ್ಲ. ಡಯಲ್‌ನ ತೀರಾ ಕೆಳಗೆ, ಆರು ಗಂಟೆಯ ಅಡಿಯಲ್ಲಿ, ಭೂತಗನ್ನಡಿ ಹಿಡಿದು ನೋಡಿ. ಸ್ವಿಸ್ ಎಂಬ ಅಕ್ಷರಗಳ ಎರಡೂ ಪಕ್ಕ ಇಂಗ್ಲಿಷಿನ ಟಿ ಅಕ್ಷರ ಇದ್ದರೆ ಅದು ಟ್ರೀಷಿಯಂ ಡಯಲ್. ಹಾಗಿದ್ದೂ ಟಾರ್ಚ್ ಹಿಡಿದು ಆರಿಸಿದ ಮೇಲೆ ಜೋರಾಗಿ ಹೊಳೆದರೆ ಮಾತ್ರ ಯಾರೋ ಹೊಸದಾಗಿ ಬಣ್ಣ ಹಚ್ಚಿದ್ದಾರೆ ಅಂತ ಅನುಮಾನ ಪಡಬೇಕು. ನಿಮ್ಮ ಮಗ ಓದಿದ್ದು ಸುಳ್ಳಲ್ಲ, ಆದರೆ ಅದು ಹೊಸ ಮಾಡೆಲ್‌ಗಳ ಲಕ್ಷಣ.

ಇನ್ನು ಭಾವನ ವಾದ. ಈ ವಾಚಿನೊಳಗೆ ಇರಬೇಕಾದದ್ದು 3135 ಎಂಬ ಮಷಿನ್, ರೋಲೆಕ್ಸ್‌ನವರು 1988ರಲ್ಲಿ ತಂದದ್ದು. ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಅದಕ್ಕೇ ಮುಳ್ಳು ನುಣುಪಾಗಿ ಓಡುವಂತೆ ಕಾಣುತ್ತದೆ. ಆದರೆ ಇದೇ ವೇಗದ ಮಷಿನ್ ಇದಕ್ಕಿಂತ ಎಷ್ಟೋ ಅಗ್ಗದ ಆಟೋಮ್ಯಾಟಿಕ್ ವಾಚುಗಳಲ್ಲೂ ಸಿಗುತ್ತದೆ, ಡೂಪ್ಲಿಕೇಟ್ ಮಾಡುವವರು ಹಾಕುವುದೂ ಅಂಥದ್ದನ್ನೇ. ತೂಕದ ಕಥೆಯಂತೂ ಬೇಡ. ಹಳೇ ಎರಡು ಬಣ್ಣದ ಡೇಟ್‌ಜಸ್ಟ್‌ನ ಚೈನು ಹಗುರವೇ ಇರುತ್ತದೆ, ಅಲುಗಾಡಿಸಿದರೆ ಸದ್ದೂ ಮಾಡುತ್ತದೆ. ಒಳ್ಳೆಯ ನಕಲು ಅದಕ್ಕಿಂತ ಭಾರ ಇರಬಹುದು.

ಹಾಗಾದರೆ ಏನನ್ನು ನಂಬುವುದು? ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕ್ರೌನ್, ಅಂದರೆ ಬದಿಯ ಚಾವಿ ಗುಂಡಿ, ಎಡಕ್ಕೆ ತಿರುಗಿಸಿ ಬಿಚ್ಚಿ, ಪೂರ್ತಿ ಹೊರಗೆ ಎಳೆಯಿರಿ. ಸೆಕೆಂಡಿನ ಮುಳ್ಳು ನಿಲ್ಲಬೇಕು. ಈಗ ಮುಳ್ಳುಗಳನ್ನು ನಿಧಾನ ಮುಂದಕ್ಕೆ ತಿರುಗಿಸಿ ಮಧ್ಯರಾತ್ರಿ ದಾಟಿಸಿ. ಹನ್ನೆರಡರ ಆಸುಪಾಸು ತಾರೀಕು ಒಂದೇ ಏಟಿಗೆ ಟಕ್ಕನೆ ಬದಲಾಗಬೇಕು. ಅರ್ಧ ಗಂಟೆ, ಒಂದು ಗಂಟೆ ತೆವಳುತ್ತಾ ಬದಲಾದರೆ ಒಂದೋ ಮಷಿನ್ ಬೇರೆ, ಇಲ್ಲವೇ ಕೆಟ್ಟಿದೆ. ಪರೀಕ್ಷೆ ಮುಗಿದ ಮೇಲೆ ಕ್ರೌನ್ ಒತ್ತಿ ಬಿಗಿಯಾಗಿ ತಿರುಗಿಸಿ ಮುಚ್ಚಿ. ಅದನ್ನು ಮರೆತು ಕೈ ತೊಳೆಯುವವರೇ ಜಾಸ್ತಿ.

ಮುಂದಿನದಕ್ಕೆ ಚೈನು ಬಿಚ್ಚಬೇಕು. ಹನ್ನೆರಡು ಗಂಟೆಯ ಬದಿಯಲ್ಲಿ, ಚೈನು ಸೇರುವ ಸಂದಿನಲ್ಲಿ, ಮಾಡೆಲ್ ನಂಬರ್ ಕೆತ್ತಿರುತ್ತದೆ. ಆರು ಗಂಟೆಯ ಬದಿಯಲ್ಲಿ ಸೀರಿಯಲ್ ನಂಬರ್. ಆ ಕಾಲದ ಸೀರಿಯಲ್‌ಗೆ ಮುಂದೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. 1997ರ ಆಚೀಚೆಯದಕ್ಕೆ ಟಿ ಅಥವಾ ಯು ಇರುವುದು ಸಾಮಾನ್ಯ. ಇದು ಸಂಗ್ರಾಹಕರು ಹೊಂದಿಸಿಕೊಂಡ ಲೆಕ್ಕ, ಕಂಪನಿ ಪ್ರಕಟಿಸಿದ ಪಟ್ಟಿಯಲ್ಲ. ಹಾಗಾಗಿ ಒಂದೆರಡು ವರ್ಷ ಹೆಚ್ಚುಕಡಿಮೆ ಇದ್ದರೆ ಜಗಳ ಬೇಡ. ಕೆತ್ತನೆ ಮಾತ್ರ ಚೂಪಾಗಿರಬೇಕು, ಬೆಳಕಿಗೆ ಓರೆ ಹಿಡಿದರೆ ಗೀರುಗಳು ಮಿನುಗಬೇಕು. ಆಸಿಡ್‌ನಿಂದ ತಿನ್ನಿಸಿದ ಹಾಗೆ ಮರಳು ಮರಳಾಗಿ ಕಂಡರೆ ಅಲ್ಲಿಗೆ ಮಾತು ಮುಗಿಯಿತು, ವಾಪಸ್ ಕೊಟ್ಟುಬಿಡಿ.

ಕಾರವಾರದಲ್ಲಿ ಕೂತು ವಾಚು ಬಿಚ್ಚುವವನಾಗಿ ನನಗೆ ಪೂರ್ತಿ ಡೂಪ್ಲಿಕೇಟ್‌ನ ಭಯ ಅಷ್ಟಿಲ್ಲ. ಅದು ಮುಚ್ಚಳ ತೆಗೆದ ಕೂಡಲೇ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಕಾಡುವುದು ಅರ್ಧ ಒರಿಜಿನಲ್. ಕೇಸ್ ಅಸಲಿ, ಮಷಿನ್ ಅಸಲಿ, ಆದರೆ ಡಯಲ್ ಬೇರೆ ಕಡೆ ಮಾಡಿಸಿದ್ದು. ಅಥವಾ ಗಾಜಿನ ಸುತ್ತಲಿನ ಬಂಗಾರದ ಬಳೆ ಹೋಗಿ ಗಿಲೀಟಿನದು ಬಂದಿರುತ್ತದೆ. ಗಲ್ಫ್‌ನಿಂದ ಬರುವ ಡೇಟ್‌ಜಸ್ಟ್‌ಗಳಲ್ಲಿ ಆಮೇಲೆ ವಜ್ರ ಕೂರಿಸಿದ ಡಯಲ್ ನೋಡುವುದುಂಟು. ನೋಡಲು ಚಂದ, ಬೆಲೆಗೆ ಹೊಡೆತ. ನಮ್ಮಲ್ಲಿ ಇದು ಹೊಸ ವಿದ್ಯೆಯೂ ಅಲ್ಲ. ಮುಂಬೈಯಲ್ಲಿ ಹಳೇ ಫಾವ್ರೆ ಲ್ಯೂಬಾ, ಎಚ್‌ಎಂಟಿ ಡಯಲ್‌ಗಳಿಗೆ ಹೊಸ ಬಣ್ಣ ಬಳಿದು ಮಾರುವುದು ಎಷ್ಟೋ ವರ್ಷದಿಂದ ನಡೆದಿದೆ. ಎರಡು ಸಾವಿರದ ಎಚ್‌ಎಂಟಿಯಲ್ಲಿ ಅದು ತಮಾಷೆ. ನಾಲ್ಕು ಲಕ್ಷದಲ್ಲಿ ಅಲ್ಲ.

ಅರ್ಧ ಒರಿಜಿನಲ್‌ನ ತೊಂದರೆ ಗೊತ್ತಾಗುವುದು ಸರ್ವೀಸ್ ಹೊತ್ತಿಗೆ. ರೋಲೆಕ್ಸ್‌ನ ಅಧಿಕೃತ ಸೆಂಟರ್‌ನವರು ಕಂಪನಿಯದಲ್ಲದ ಭಾಗ ಹಾಕಿದ ವಾಚನ್ನು ಹಾಗೇ ರಿಪೇರಿ ಮಾಡುವುದಿಲ್ಲ. ಒಂದೋ ಮೂಲ ಭಾಗ ಹಾಕಿಸಿ ಅನ್ನುತ್ತಾರೆ, ಇಲ್ಲವೇ ವಾಪಸ್ ಕಳಿಸುತ್ತಾರೆ. ಹೊರಗಿನ ರಿಪೇರಿಯವರಿಗೆ ಕಂಪನಿ ಬಿಡಿಭಾಗ ಕೊಡುವುದೂ ತೀರಾ ಕಡಿಮೆ. ನನ್ನಂಥವರು ಮಷಿನ್ ಬಿಚ್ಚಿ, ತೊಳೆದು, ಎಣ್ಣೆ ಹಾಕಬಹುದು. ಒಂದು ಗಾಲಿ ಸವೆದಿದ್ದರೆ ನಮ್ಮ ಕೈಯೂ ಕಟ್ಟಿಹೋಗುತ್ತದೆ.

ಈಗ ಆ ಅರ್ಧ ನಿಮಿಷದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಅದೇ, ನೀವು ಮಾತ್ರ ಒಂದು ಸಾಲಿನಲ್ಲಿ ದಾಟಿದ್ದೀರಿ. ಈ ದರ್ಜೆಯ ವಾಚಿಗೆ ಸ್ವಿಟ್ಜರ್‌ಲ್ಯಾಂಡ್‌ನ ಕ್ರೋನೋಮೀಟರ್ (ಸಮಯದ ನಿಖರತೆಯ) ಪರೀಕ್ಷೆಯ ಮಿತಿ ದಿನಕ್ಕೆ 4 ಸೆಕೆಂಡ್ ಹಿಂದೆಯಿಂದ 6 ಸೆಕೆಂಡ್ ಮುಂದೆವರೆಗೆ. ಹಳೇ ವಾಚು ಹತ್ತು ಸೆಕೆಂಡ್ ಓಡಿದರೆ ಬಿಡಿ ಅನ್ನಬಹುದು. ಮೂವತ್ತು ಅಂದರೆ ಏನೋ ಇದೆ. ಸುಲಭದ ಕಾರಣ ಆಯಸ್ಕಾಂತ. ಮೊಬೈಲ್ ಕವರಿನ ಮ್ಯಾಗ್ನೆಟ್, ಸ್ಪೀಕರ್, ಬ್ಯಾಗಿನ ಗುಂಡಿ, ಯಾವುದಾದರೂ ಆಗಬಹುದು. ಒಳಗಿನ ಕೂದಲೆಳೆಯ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ಮುಂದೆ ಓಡುತ್ತದೆ. ರಿಪೇರಿಯವರ ಹತ್ತಿರ ಮ್ಯಾಗ್ನೆಟ್ ತೆಗೆಯುವ ಸಣ್ಣ ಯಂತ್ರ ಇರುತ್ತದೆ, ನಿಮಿಷದ ಕೆಲಸ.

ಅದಾದ ಮೇಲೂ ಓಡಿದರೆ ಕಾರಣ ಬಹುಮಟ್ಟಿಗೆ ಒಣಗಿದ ಎಣ್ಣೆ. ಇದನ್ನು ತೋರಿಸುವ ಯಂತ್ರ ಟೈಮ್‌ಗ್ರಾಫರ್. ವಾಚನ್ನು ಅದರ ಮೇಲಿಟ್ಟರೆ ಟಿಕ್‌ಟಿಕ್ ಕೇಳಿಸಿಕೊಂಡು, ಸಮಯ ಕಾಯಲು ಅತ್ತಿತ್ತ ತೂಗುವ ಬ್ಯಾಲೆನ್ಸ್ ಗಾಲಿ ಎಷ್ಟು ಡಿಗ್ರಿ ತೂಗುತ್ತಿದೆ ಅಂತ ಹೇಳುತ್ತದೆ. ಪೂರ್ತಿ ಚಾವಿ ಕೊಟ್ಟು ಮಲಗಿಸಿದಾಗ 270ರ ಮೇಲಿದ್ದರೆ ಆರೋಗ್ಯ ಚೆನ್ನಾಗಿದೆ. 220ಕ್ಕಿಂತ ಕೆಳಗೆ ಬಂದರೆ ಸರ್ವೀಸ್ ಮಾಡಿಸಲೇಬೇಕು. ಇನ್ನೊಂದು, ವಾಚನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕರಕರ ಉಜ್ಜಿದ ಸದ್ದು ಬಂದರೆ, ಕೈ ಆಡಿದಂತೆ ತಿರುಗಿ ವಾಚಿಗೆ ಚಾವಿ ಕೊಡುವ ತೂಕದ ಅಚ್ಚು ಸವೆದಿದೆ. 3135ರಲ್ಲಿ ಸರ್ವೀಸ್ ಇಲ್ಲದೆ ಬಿಟ್ಟರೆ ಬರುವ ಗೊತ್ತಿರುವ ಕಾಯಿಲೆ ಅದು. ಅಧಿಕೃತ ಸೆಂಟರ್‌ನಲ್ಲಿ ಪೂರ್ತಿ ಸರ್ವೀಸ್‌ಗೆ ಐದಂಕಿಯ ಬಿಲ್ ಬರುತ್ತದೆ, ಭಾಗ ಬದಲಿಸಿದರೆ ಇನ್ನೂ ಏರುತ್ತದೆ. ಅದನ್ನು ₹4.25 ಲಕ್ಷಕ್ಕೆ ಸೇರಿಸಿಕೊಂಡೇ ಬೆಲೆ ಯೋಚಿಸಿ.

ಇನ್ನು ನಮ್ಮ ಕಡೆಯ ಶತ್ರು, ತೇವ ಮತ್ತು ಉಪ್ಪು. ಈ ಮಾತನ್ನು ಬೆಂಗಳೂರಿನ ಮಾರಾಟಗಾರರು ಹೇಳುವುದಿಲ್ಲ, ಅವರಿಗೆ ಅದರ ಅನುಭವ ಇಲ್ಲ. ವಾಚಿನ ನೀರು ತಡೆಯುವುದು ಸ್ಟೀಲ್ ಅಲ್ಲ. ಹಿಂದಿನ ಮುಚ್ಚಳದ ಅಡಿ, ಕ್ರೌನ್ ಒಳಗೆ, ಗಾಜಿನ ಸುತ್ತ ಇರುವ ಸಣ್ಣ ಗ್ಯಾಸ್ಕೆಟ್‌ಗಳು, ಅಂದರೆ ನೀರು ತಡೆಯುವ ಉಂಗುರಗಳು. ವರ್ಷ ಕಳೆದಂತೆ ಅವು ಗಟ್ಟಿಯಾಗಿ ಚಪ್ಪಟೆ ಆಗುತ್ತವೆ. ಬೆವರು ಮತ್ತು ಸಮುದ್ರದ ಗಾಳಿಯ ಉಪ್ಪು ಮುಚ್ಚಳದ ಎಳೆಗಳಲ್ಲಿ ಕೂತುಕೊಳ್ಳುತ್ತದೆ. ಅಲ್ಲಿ ಗಾಳಿ ಆಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಆದರೂ ಅಂಥ ಸಂದಿಯಲ್ಲಿ ಉಪ್ಪಿನಿಂದ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಗ್ಯಾಸ್ಕೆಟ್ ಕೂರುವ ಅಂಚಿನಲ್ಲೇ ಗುಂಡಿ ಬಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ನೀರು ಒಳಗೆ ಹೋಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಟೇಬಲ್ಲಿಗೆ ಬರುವ ವಾಚುಗಳಲ್ಲಿ ಮಷಿನ್‌ನ ಸ್ಕ್ರೂ ತುದಿಗೆ, ಚಾವಿಯ ದಂಟಿಗೆ ಕೆಂಪು ತುಕ್ಕು ಸಾಮಾನ್ಯ. ಹೊರಗಿನಿಂದ ಅವು ಹೊಸದಾಗಿ ಹೊಳೆಯುತ್ತಿರುತ್ತವೆ.

ದುಬೈಯಲ್ಲೂ ಸಮುದ್ರ, ಬೆವರು. ಕುಮಟಾದಲ್ಲೂ ಅದೇ. ಆದ್ದರಿಂದ ಮುಚ್ಚಳ ಬಿಚ್ಚದೆ ಈ ವಾಚಿಗೆ ದುಡ್ಡು ಕೊಡಬೇಡಿ. ರೋಲೆಕ್ಸ್ ಮುಚ್ಚಳಕ್ಕೆ ಸುತ್ತ ಹಲ್ಲುಗಳಿವೆ, ಅದಕ್ಕೆ ಸರಿಯಾದ ಕೀ ಬೇಕು. ಕೀ ಇಲ್ಲದವರು ಇಕ್ಕಳ ಹಾಕಿ ಗೀರುತ್ತಾರೆ. ನಿಮ್ಮ ವಾಚಿನ ಮುಚ್ಚಳದ ಹಲ್ಲುಗಳು ಈಗಾಗಲೇ ತರಚಿದ್ದರೆ ಒಳಗೆ ಯಾರ ಕೈ ಆಡಿದೆಯೋ ಅಂತ ಯೋಚಿಸಬೇಕು. ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಅಂಚು, ತುಕ್ಕು, ಮಷಿನ್ ಮೇಲಿನ 3135 ಅಂಕಿ, ಡಯಲ್ ಅಂಚಿನಲ್ಲಿ ತೇವದ ಕಲೆ ನೋಡಿಸಿ. ಹಳೇ ರಿಪೇರಿಯವರು ಮುಚ್ಚಳದ ಒಳಮೈಯಲ್ಲಿ ತಾರೀಕು ಗೀಚಿ ಇಡುವ ಪದ್ಧತಿ ಇತ್ತು. ಅದು ಸಿಕ್ಕರೆ ಕಾಗದಕ್ಕಿಂತ ಒಳ್ಳೆಯ ದಾಖಲೆ. ಒಳಗೆ 16233ರ ಬದಲು 16200 ಅಂತ ಕಂಡರೆ ಗಾಬರಿ ಆಗಬೇಡಿ, ಆ ಸಾಲಿನ ವಾಚುಗಳಿಗೆ ಮುಚ್ಚಳ ಹಾಗೇ ಬರುತ್ತದೆ.

ನೇತ್ರಾಣಿಗೆ ಕಟ್ಟಿಕೊಂಡು ಹೋಗಬೇಡಿ. 100 ಮೀಟರ್ ಅನ್ನುವುದು ಹೊಸ ಗ್ಯಾಸ್ಕೆಟ್ ಇರುವ, ಒತ್ತಡದ ಪರೀಕ್ಷೆ ಪಾಸಾದ ವಾಚಿನ ಮಾತು. ಸರ್ವೀಸ್ ಮಾಡಿಸಿ ಪರೀಕ್ಷೆ ಪಾಸಾದ ಮೇಲೆ ಈಜಬಹುದು, ಬಂದು ಸಿಹಿನೀರಿನಲ್ಲಿ ತೊಳೆಯಬೇಕು. ಡೈವಿಂಗ್ ದಿನ ಎರಡು ಸಾವಿರದ ಪ್ಲಾಸ್ಟಿಕ್ ಡಿಜಿಟಲ್ ವಾಚು ಸಾಕು. ಅದಕ್ಕಿಂತ ದಿನಾ ಆಗುವ ಹಾನಿ ನಿಮ್ಮ ಬಚ್ಚಲಲ್ಲಿದೆ. ಹಂಡೆಯ ಬಿಸಿನೀರಿನ ಹಬೆ, ಸೋಪು, ಎರಡೂ ಗ್ಯಾಸ್ಕೆಟ್‌ಗೆ ಆಗದು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ, ಅಡಿಕೆ ಬೇಯಿಸಿ ಚೊಗರಲ್ಲಿ ಕೈ ಆಡಿಸುವ ದಿನ ವಾಚು ಕಪಾಟಿನಲ್ಲೇ ಇರಲಿ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಗಾಜಿನ ಒಳಗೆ ಒಂದೇ ಸಲ ಮಂಜು ಕಂಡರೂ ಆ ವಾರವೇ ಬಿಚ್ಚಿಸಬೇಕು, ಬಿಸಿಲಿಗಿಟ್ಟು ಒಣಗಿಸಿ ಸುಮ್ಮನಾಗುವುದಲ್ಲ.

ಚೈನಿನ ಬಗ್ಗೆಯೂ ಒಂದು ಮಾತು. ವಾಚನ್ನು ಅಡ್ಡ ಹಿಡಿದು ಚೈನು ಗಾಳಿಯಲ್ಲಿ ನೇರ ನಿಲ್ಲುತ್ತದಾ ನೋಡಿ. ಜೋತು ಬಿದ್ದರೆ ಕೊಂಡಿಗಳು ಸವೆದಿವೆ. ಎರಡು ಬಣ್ಣದ ಜುಬಿಲಿ ಮಾದರಿಯ ಚೈನಿನಲ್ಲಿ ನಡುವಿನ ಕೊಂಡಿ 18 ಕ್ಯಾರಟ್ ಬಂಗಾರ. ಬಂಗಾರ ಮೆದು, ಜೊತೆಗೆ ಉಜ್ಜುವುದು ಸ್ಟೀಲು. ಪೂರ್ತಿ ಚೈನು ಬದಲಿಸಲು ಹೋದರೆ ಬೆಲೆ ಕೇಳಿ ಸುಸ್ತಾಗುತ್ತೀರಿ. ಪೂರ್ತಿ ಸ್ಟೀಲ್‌ನ ಅದೇ ಕಾಲದ ಡೇಟ್‌ಜಸ್ಟ್‌ಗೆ ಈ ತಲೆನೋವು ಕಡಿಮೆ, ನನ್ನನ್ನು ಕೇಳಿದರೆ ತೋಟದವರ ಕೈಗೆ ಅದೇ ಒಪ್ಪುತ್ತದೆ. ಕನ್ನಡಿಯಂತೆ ಹೊಳೆಯುವ ಕೇಸ್ ನೋಡಿ ಮರುಳಾಗಬೇಡಿ. ಪದೇ ಪದೇ ಪಾಲಿಶ್ ಮಾಡಿದರೆ ಚೈನು ಸೇರುವ ಕಾಲುಗಳು ತೆಳ್ಳಗಾಗಿ ಅಂಚು ಉರುಟಾಗುತ್ತವೆ. ಸಣ್ಣಪುಟ್ಟ ಗೀರಿರುವ, ಪಾಲಿಶ್ ಆಗದ ವಾಚಿಗೇ ಬೆಲೆ ಜಾಸ್ತಿ.

ದುಡ್ಡಿನ ವಿಷಯದಲ್ಲಿ ನೇರ ಹೇಳುತ್ತೇನೆ: ನಗದು ಬೇಡ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು 2017ರಿಂದ ಕಾನೂನಿಗೆ ವಿರುದ್ಧ. ದಂಡ ಬೀಳುವುದು ಪಡೆದವರ ಮೇಲೆ, ಅದೂ ಪಡೆದಷ್ಟೇ ಮೊತ್ತ. ಎರಡು ಮೂರು ಕಂತು ಮಾಡಿ ಕೊಟ್ಟರೂ ಅದು ಒಂದೇ ವ್ಯವಹಾರ. ಇದನ್ನು ಆ ಗೆಳೆಯರಿಗೆ ಹೇಳಿ, ಅವರ ಹಿತಕ್ಕೂ ಒಳ್ಳೆಯದು. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಬಂಗಾರದ ಜೊತೆ ವಾಚುಗಳ ಹೆಸರೂ ಇದೆ. ಕಳ್ಳಸಾಗಣೆ ಅನುಮಾನದಲ್ಲಿ ಜಪ್ತಿಯಾದರೆ, ಹಾಗಲ್ಲ ಅಂತ ರುಜುವಾತು ಮಾಡುವ ಹೊರೆ ವಾಚು ಇಟ್ಟುಕೊಂಡವರದ್ದು. ಅವರು ತಪ್ಪು ಮಾಡಿದ್ದಾರೆ ಅಂತ ಖಂಡಿತ ಹೇಳುತ್ತಿಲ್ಲ. ವರ್ಷಗಟ್ಟಲೆ ಕೈಯಲ್ಲಿ ಕಟ್ಟಿದ ವಾಚನ್ನು ಊರಿಗೆ ತಂದಿರುತ್ತಾರೆ, ಅಷ್ಟೇ. ಆದರೆ ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರು ನೀವು. ಅಂಗಡಿಯ ಬಿಲ್, ಸುಂಕ ಕಟ್ಟಿದ ರಸೀದಿ, ಹಳೇ ಸರ್ವೀಸ್ ಚೀಟಿ, ಆ ವಾಚು ಕಟ್ಟಿಕೊಂಡ ಹಳೇ ಫೋಟೋ, ಏನಿದ್ದರೂ ಪ್ರತಿ ಪಡೆಯಿರಿ. ಬರೀ ಪೆಟ್ಟಿಗೆಗೆ ಬೆಲೆ ಇಲ್ಲ, ಅದು ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತದೆ. ಸೀರಿಯಲ್ ನಂಬರ್ ಬರೆದ ಮಾರಾಟದ ಪತ್ರಕ್ಕೆ ಅವರ ಸಹಿ, ಗುರುತಿನ ಚೀಟಿಯ ಪ್ರತಿ ಇರಲಿ. ಹಣ ಬ್ಯಾಂಕ್ ಮೂಲಕ ಹೋಗಲಿ. ಕಳುವಾದ ವಾಚುಗಳ ಸೀರಿಯಲ್ ನಂಬರ್ ದಾಖಲಿಸುವ ವಾಚ್ ರಿಜಿಸ್ಟರ್ ಎಂಬ ಸಂಸ್ಥೆ ಲಂಡನ್‌ನಲ್ಲಿದೆ. ಶುಲ್ಕ ಕಟ್ಟಿದರೆ ಹುಡುಕಿ ಹೇಳುತ್ತಾರೆ.

ಭಾವನ ಗೆಳೆಯರಿಗೆ ಇದನ್ನೆಲ್ಲ ಹೇಗೆ ಕೇಳುವುದು, ಬೇಜಾರಾಗುವುದಿಲ್ವಾ ಅನ್ನುತ್ತೀರಿ. ಹೀಗೆ ಕೇಳಿ: "ನಂಗೆ ವಾಚು ಗೊತ್ತಾಗೂದಿಲ್ಲ. ಒಂದ್ಸಲ ಕಂಪನಿ ಸರ್ವೀಸ್‌ಗೆ ನಿಮ್ಮ ಹೆಸರಲ್ಲೇ ಕೊಡೋಣ, ಖರ್ಚು ನಂದು. ಅವರು ಸರಿ ಅಂದ್ರೆ ತಗೊಳ್ತೆ." ಬೆಂಗಳೂರು ಅಥವಾ ಮುಂಬೈಗೆ ಕಳಿಸಬೇಕಾಗುತ್ತದೆ, ವಾರಗಳು ಹಿಡಿಯುತ್ತವೆ. ಅವರು ಬಿಚ್ಚಿ ನೋಡಿ ಅಂದಾಜು ಪಟ್ಟಿ ಕೊಟ್ಟರೆ ಅಸಲಿಯೋ ಅಲ್ಲವೋ ಎಂಬ ಪ್ರಶ್ನೆಗೆ ಅದೇ ಉತ್ತರ. ಸರ್ವೀಸ್ ಮುಗಿದರೆ ಎರಡು ವರ್ಷದ ಸರ್ವೀಸ್ ಗ್ಯಾರಂಟಿಯೂ ಸಿಗುತ್ತದೆ, ಕಳೆದುಹೋದ ಕಾಗದಕ್ಕಿಂತ ನನಗೆ ಅದೇ ಮೇಲು. ಕೊಡುವಾಗ "ಪಾಲಿಶ್ ಬೇಡ" ಅಂತ ಬರೆಸಿ. ವಾಚು ಪಾಸಾಗದಿದ್ದರೆ ನಿಮ್ಮ ನಷ್ಟ ಕಳಿಸಿ ತರಿಸಿದ ಖರ್ಚು ಮಾತ್ರ. ಇದಕ್ಕೆ ಒಪ್ಪದೆ "ಈ ವಾರವೇ ಬೇಕು, ಇನ್ನೊಬ್ಬರು ಕೇಳ್ತಿದ್ದಾರೆ" ಅಂದರೆ ಅವರಿಗೇ ಕೊಡಲಿ ಬಿಡಿ.

ಅಷ್ಟು ರಗಳೆ ಬೇಡ ಅನ್ನುವುದಾದರೆ ದೊಡ್ಡ ಊರಿನ ಹಳೇ ವಾಚಿನ ಡೀಲರ್ ಇದ್ದಾರೆ. ಬೆಲೆ ಜಾಸ್ತಿ, ಆದರೆ ಬಿಲ್ ಸಿಗುತ್ತದೆ, ಅಸಲಿ ಅಲ್ಲದಿದ್ದರೆ ಹಣ ವಾಪಸ್ ಅಂತ ಬರೆದು ಕೊಡುವವರಿದ್ದಾರೆ. ಬಾಯಿಮಾತಿನಲ್ಲಿ ಹೇಳುವವರ ಹತ್ತಿರ ಹೋಗಬೇಡಿ. ರೋಲೆಕ್ಸ್ ಕಂಪನಿಯೇ 2022ರ ಕೊನೆಯಿಂದ ಆಯ್ದ ಅಧಿಕೃತ ಡೀಲರ್‌ಗಳ ಮೂಲಕ ತಪಾಸಣೆ ಮಾಡಿದ ಹಳೇ ವಾಚುಗಳನ್ನು ಎರಡು ವರ್ಷದ ಗ್ಯಾರಂಟಿಯೊಂದಿಗೆ ಮಾರಿಸುತ್ತಿದೆ. ಅಲ್ಲಿ ಅಪಾಯ ಕಡಿಮೆ, ಚೌಕಾಸಿಯೂ ಕಡಿಮೆ.

ರೇಟಿನ ಪ್ರಶ್ನೆಗೆ ಉತ್ತರ ಚಿಕ್ಕದು. ಬಂಗಾರ ಬೇಕಿದ್ದರೆ ಬಂಗಾರ ತಗೊಳ್ಳಿ. ಹಳೇ ವಾಚಿನ ಬೆಲೆ 2022ರ ಮೊದಲ ತಿಂಗಳುಗಳಲ್ಲಿ ತುತ್ತತುದಿಗೆ ಹೋಗಿ ಆಮೇಲೆ ಬಹಳ ಕಾಲ ಇಳಿಯಿತು. ಆಗ ಏರಿದ್ದೂ ಮುಖ್ಯವಾಗಿ ರೋಲೆಕ್ಸ್‌ನದೇ ಡೇಟೋನಾ, ಸಬ್‌ಮರೀನರ್‌ನಂಥವು. ಡೇಟ್‌ಜಸ್ಟ್ 1945ರಿಂದ ತಯಾರಾಗುತ್ತಿರುವ ವಾಚು, ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ನೀವು ಮಾರಲು ಹೋದಾಗ ಡೀಲರ್ ತನ್ನ ಲಾಭ ಬಿಟ್ಟು ಕೇಳುತ್ತಾನೆ, ಕಾಗದ ಇಲ್ಲವೆಂದು ಇನ್ನಷ್ಟು ಇಳಿಸುತ್ತಾನೆ. ಕಟ್ಟಿಕೊಳ್ಳುವ ಆಸೆಗೆ ಕೊಳ್ಳುವುದಾದರೆ ಇದು ಗಟ್ಟಿ ವಾಚು, ಹತ್ತು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿದರೆ ನಿಮ್ಮ ಮಗನೂ ಕಟ್ಟಬಹುದು.

ಕೊನೆಗೊಂದು, ಸಾಮಾನ್ಯವಾಗಿ ಎಲ್ಲರೂ ಮರೆಯುವುದು. ಹೊಸದರಲ್ಲಿ ಅವರ ಕೈಗೆ ಸರಿಹೊಂದಿಸಲು ಚೈನಿನಿಂದ ತೆಗೆದ ಕೊಂಡಿಗಳು ಎಲ್ಲೋ ಡ್ರಾಯರ್‌ನಲ್ಲಿ ಇರುತ್ತವೆ. ಬೆಲೆ ಮಾತಾಡುವ ಮೊದಲೇ ಅವನ್ನು ಕೇಳಿ. ಅದರಲ್ಲೂ ಬಂಗಾರ ಇದೆ. ನಿಮ್ಮ ಮಣಿಕಟ್ಟು ಅವರಿಗಿಂತ ದಪ್ಪ ಇದ್ದರೆ ಆ ಕೊಂಡಿ ಇಲ್ಲದೆ ವಾಚು ಕಟ್ಟಲೂ ಬರುವುದಿಲ್ಲ.